ಮೊದಲು ಮನೆಯ ಕೀಲಿಕೈ

ದೇಶಕ್ಕಾಗಿ ದುಡಿದ ಸೈನಿಕ ಸೇತುವೆಯ ಕೆಳಗೆ ರಟ್ಟು ಹಾಸಿ ಮಲಗುವುದು ಬಡತನದ ಮಾತಷ್ಟೇ ಅಲ್ಲ, ಆಡಳಿತದ ಲೋಪವೂ ಹೌದು. ಹಾಗಾಗಿಯೇ ಆಡಳಿತ ಅದನ್ನು ಸರಿಪಡಿಸಬಲ್ಲದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಮೇಯರ್ ಮಿಚ್ ಲ್ಯಾಂಡ್ರೂ ನಗರದ ವಸತಿಹೀನ ಮಾಜಿ ಸೈನಿಕರಿಗೆಲ್ಲ ಮನೆ ಕೊಡಿಸುವ ಪಣವನ್ನು 2014ರಲ್ಲಿ ತೊಟ್ಟರು. 2015ರ ಜನವರಿಯ ಹೊತ್ತಿಗೆ 227 ಮಾಜಿ ಸೈನಿಕರಿಗೆ ಸೂರು ಸಿಕ್ಕಿತ್ತು. ಅಲ್ಲಿ ಮಾಜಿ ಸೈನಿಕರಿಗೆ ಬಾಡಿಗೆ ನೆರವಿನ ಚೀಟಿ ಕೊಡುವುದು ಕೇಂದ್ರ ಸರ್ಕಾರ. ಆದರೆ ಆ ಚೀಟಿಗೆ ಒಂದು ಬಾಗಿಲು ಹುಡುಕಿಕೊಡಬೇಕಾದದ್ದು ನಗರ. ಬೀದಿಯಲ್ಲಿರುವ ಪ್ರತಿಯೊಬ್ಬರ ಹೆಸರೂ ಒಂದೇ ಪಟ್ಟಿಗೆ ಬರಬೇಕು, ಕಳೆದುಹೋದ ಸೇವಾ ದಾಖಲೆ ಹುಡುಕಬೇಕು, ಹಿಂಜರಿಯುವ ಮನೆಮಾಲೀಕನನ್ನು ಒಪ್ಪಿಸಬೇಕು, ಕೀಲಿಕೈಯ ಜೊತೆಗೆ ಒಂದು ಹಾಸಿಗೆಯನ್ನೂ ಒದಗಿಸಬೇಕು. ಇವೆಲ್ಲ ಸಣ್ಣ ಕೆಲಸಗಳೇ, ಆದರೆ ಸೋಲುಗೆಲುವು ನಿಂತಿರುವುದು ಇವುಗಳ ಮೇಲೆಯೇ.

ಕುಡಿತ ಬಿಡದವನಿಗೆ ಮನೆ ಏಕೆ ಎಂಬ ಆಕ್ಷೇಪವಿದೆ. ಫುಟ್‌ಪಾತಿನಲ್ಲಿ ನಿದ್ದೆಗೆಟ್ಟವನು ಔಷಧಿಯನ್ನು ಹೊತ್ತಿಗೆ ಸರಿಯಾಗಿ ನುಂಗುವುದಾದರೂ ಹೇಗೆ? ಮನೆ ಮೊದಲು, ಚಿಕಿತ್ಸೆ ಅದರ ಬೆನ್ನಿಗೆ. ಇದು ಪುಕ್ಕಟೆಯೂ ಅಲ್ಲ, ಬಾಡಿಗೆದಾರ ಸಾಮಾನ್ಯವಾಗಿ ತನ್ನ ಆದಾಯದ ಶೇ. 30ರಷ್ಟನ್ನು ತೆರುತ್ತಾನೆ. ನಾಳೆ ಇನ್ನೊಬ್ಬ ಬೀದಿಗೆ ಬೀಳುವುದಿಲ್ಲವೇ ಎಂದರೆ, ಬೀಳಬಹುದು. ಅವನನ್ನು ಬೇಗ ಗುರುತಿಸಿ ಮನೆ ಸೇರಿಸುವ ವ್ಯವಸ್ಥೆ ಇರುವುದನ್ನೇ ಅಲ್ಲಿನವರು ಸಮಸ್ಯೆ ಮುಗಿದಂತೆ ಎನ್ನುವುದು. ಇಡೀ ದೇಶದಲ್ಲಿ ವಸತಿಹೀನ ಮಾಜಿ ಸೈನಿಕರು 2010ರಲ್ಲಿ ಸುಮಾರು 74,000 ಇದ್ದವರು 2024ಕ್ಕೆ 33,000ದೊಳಗೆ ಇಳಿದರು. ಆದರೆ ಅದೇ 2024ರಲ್ಲಿ ಒಟ್ಟು ವಸತಿಹೀನರು 7.7 ಲಕ್ಷ ದಾಟಿದ್ದರು. ಅವರಲ್ಲಿ ಸೈನಿಕರಲ್ಲದವರ ಕೈಗೆ ಇಂಥ ಚೀಟಿ ಇನ್ನೂ ಈ ಪ್ರಮಾಣದಲ್ಲಿ ತಲುಪಿಲ್ಲ.