ಬ್ರೈಟನ್ ಎಂಬ ಸಮುದ್ರತೀರದ ಪಟ್ಟಣ

ಕೆಲವು ಕಾಲದ ಹಿಂದೆ ಭೂಗೋಳದ ಪಾಠದ ನಡುವೆ ಒಬ್ಬ ವಿದ್ಯಾರ್ಥಿನಿಯು, "ಅಮ್ಮಾ, ಮೀನು ಹಿಡಿಯುವವರೂ ಹಡಗಿನ ವ್ಯಾಪಾರದವರೂ ಅಲ್ಲದ ಜನರು ಸಮುದ್ರದ ಅಂಚಿಗೆ ಹೋಗಿ ಏಕೆ ಕುಳಿತುಕೊಳ್ಳುತ್ತಾರೆ?" ಎಂದು ಕೇಳಿದಳು. ತರಗತಿಯೆಲ್ಲಾ ನಕ್ಕಿತು. ಆದರೆ ಅದು ನಗತಕ್ಕ ಪ್ರಶ್ನೆಯಲ್ಲ. ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಚರಿತ್ರೆಯಲ್ಲಿ ಅದಕ್ಕೆ ಒಳ್ಳೆಯ ಉತ್ತರವು ದೊರೆಯುವುದರಿಂದ, ಆ ದಿನ ಮಕ್ಕಳಿಗೆ ಹೇಳಿದ್ದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇನೆ.

ಲಂಡನ್ನಿನ ದಕ್ಷಿಣಕ್ಕೆ ಸುಮಾರು 50 ಮೈಲು ದೂರದಲ್ಲಿರುವ ಈ ಊರು ಮೊದಲು ಬೆಸ್ತರ ಹಳ್ಳಿಯಾಗಿದ್ದಿತು. ಸಮುದ್ರವು ಅವರಿಗೆ ಅನ್ನವನ್ನೂ ಕೊಡುತ್ತಿತ್ತು, ಭಯವನ್ನೂ ಕೊಡುತ್ತಿತ್ತು. 1514ರಲ್ಲಿ ಫ್ರೆಂಚರು ಹಡಗುಗಳಲ್ಲಿ ಬಂದು ಊರನ್ನು ಸುಟ್ಟರು. 1703ರ ದೊಡ್ಡ ಬಿರುಗಾಳಿಯು ಅಳಿದುಳಿದ ಮನೆಗಳಿಗೂ ಬಹಳ ಹಾನಿ ಮಾಡಿತು. ಅಂಥ ಕಡಲನ್ನು ನೋಡಿ ಸಂತೋಷಪಡಬೇಕೆಂದು ಯಾರಿಗೆ ತಾನೇ ತೋಚೀತು?

ಈ ಭಾವನೆಯನ್ನು ಬದಲಾಯಿಸಿದವನು ಒಬ್ಬ ವೈದ್ಯನು. ಸಮೀಪದ ಲೂಯಿಸ್ ಪಟ್ಟಣದ ರಿಚರ್ಡ್ ರಸ್ಸೆಲನು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಸಮುದ್ರದ ನೀರಿನಲ್ಲಿ ಮೀಯುವುದರಿಂದಲೂ ಅದನ್ನು ಕುಡಿಯುವುದರಿಂದಲೂ ಗ್ರಂಥಿಗಳ ರೋಗಗಳು ಗುಣವಾಗುವುವೆಂದು ಸಾರಿದನು. ಉಪ್ಪುನೀರು ಕುಡಿಯುವ ಚಿಕಿತ್ಸೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಧನಿಕರು ಆಗ ನಂಬಿ ಬಂದರು. ಗಾಲಿಗಳ ಮೇಲಿನ ಮರದ ಕೋಣೆಗಳನ್ನು ನೀರಿನೊಳಕ್ಕೆ ತಳ್ಳಿ, ಅವುಗಳಿಂದ ಇಳಿದವರನ್ನು ಅಲೆಗಳಲ್ಲಿ ಹಿಡಿದು ಮುಳುಗಿಸುವ ಕೆಲಸವನ್ನು ಆ ಊರಿನ ಬಡ ಸ್ತ್ರೀಯರು ಕೈಕೊಂಡರು. ಅವರಲ್ಲಿ ಪ್ರಖ್ಯಾತಳಾದ ಮಾರ್ಥಾ ಗನ್ ಎಂಬವಳು 1815ರಲ್ಲಿ ತೀರಿಕೊಂಡಳು.

1783ರಲ್ಲಿ ಯುವರಾಜನಾದ ಜಾರ್ಜನು ಇಲ್ಲಿಗೆ ಮೊದಲ ಸಲ ಬಂದನು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ಈತನಿಗಾಗಿ, 1815ರಿಂದ ಜಾನ್ ನ್ಯಾಶ್ ಎಂಬ ಶಿಲ್ಪಿಯು ಹೊರಗೆ ಹಿಂದೂಸ್ಥಾನದ ಗುಂಬಜುಗಳೂ ಒಳಗೆ ಚೀನಾ ದೇಶದ ಅಲಂಕಾರಗಳೂ ಉಳ್ಳ ಅರಮನೆಯನ್ನು ರೂಪಿಸಿದನು. ಕಟ್ಟಿಸಿದವನಾಗಲಿ ಕಟ್ಟಿದವನಾಗಲಿ ಹಿಂದೂಸ್ಥಾನವನ್ನು ಕಂಡವರಲ್ಲ. ಕಂಡವನೊಬ್ಬನು ಆ ಊರಿನಲ್ಲಿಯೇ ಇದ್ದನು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಲಂಡನ್ನಿನಲ್ಲಿ ಭೋಜನಶಾಲೆ ನಡೆಸಿ ನಷ್ಟಪಟ್ಟು, ಬ್ರೈಟನ್ನಿಗೆ ಬಂದು, ಆವಿಯ ಸ್ನಾನಕ್ಕೂ ಮೈ ತಿಕ್ಕಿಸಿಕೊಳ್ಳುವುದಕ್ಕೂ ಒಂದು ಸ್ನಾನಗೃಹವನ್ನು ತೆರೆದು, ದೊರೆಯ ಮನ್ನಣೆಯನ್ನೂ ಪಡೆದನು. ಆತನು 1851ರಲ್ಲಿ ಮೃತನಾದನು. ಅವನ ಸಮಾಧಿಯೂ ಮಾರ್ಥಾ ಗನ್ನಳ ಸಮಾಧಿಯೂ ಸಂತ ನಿಕೊಲಾಸನ ದೇವಾಲಯದ ಒಂದೇ ಅಂಗಳದಲ್ಲಿವೆ.

1841ರಲ್ಲಿ ರೈಲುದಾರಿಯು ತೆರೆದ ಮೇಲೆ, ಕುದುರೆಗಾಡಿಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಪ್ರಯಾಣವು ಸುಮಾರು ಎರಡು ತಾಸಿಗೆ ಇಳಿಯಿತು. ಕಡಿಮೆ ದರದ ವಿಹಾರದ ರೈಲುಗಳಲ್ಲಿ ಲಂಡನ್ನಿನ ಕೂಲಿಗಾರರೂ ಸೇವಕಿಯರೂ ಬರತೊಡಗಿದರು. ವಿಕ್ಟೋರಿಯಾ ರಾಣಿಯವರಿಗೆ ಈ ಜನಸಂದಣಿಯು ಹಿಡಿಸಲಿಲ್ಲ. ಬಿಟ್ಟುಹೋದ ಅರಮನೆಯನ್ನು ಕೆಡಹಿಬಿಡುವರೆಂಬ ಭಯ ಹುಟ್ಟಲು, 1850ರಲ್ಲಿ ಊರಿನವರೇ ಅದನ್ನು 53,000 ಪೌಂಡುಗಳಿಗೆ ಕೊಂಡರು. ರಾಜವಂಶವು ದೂರವಾದರೆ ಊರು ಹಾಳಾದೀತೆಂದು ತೋರಬಹುದಾಗಿತ್ತು, ಹಾಗಾಗಲಿಲ್ಲ. ಬಂದ ಜನಸಾಮಾನ್ಯರಿಂದಲೇ ಅದು ಬೆಳೆಯಿತು.

ಆ ಅರಮನೆಗೆ ನಮ್ಮ ದೇಶದವರು ಬಹುಸಂಖ್ಯೆಯಲ್ಲಿ ಪ್ರವೇಶಿಸಿದ್ದು ಮೊದಲನೆಯ ಮಹಾಯುದ್ಧದಲ್ಲಿ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದು ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿದ್ದಿತು. ಅವರವರ ಧರ್ಮ ಮತ್ತು ಜಾತಿಗಳಿಗೆ ತಕ್ಕಂತೆ ಬೇರೆ ಬೇರೆ ಅಡಿಗೆಮನೆಗಳಿದ್ದವು. ಸೂಚನೆಗಳನ್ನು ಉರ್ದು, ಹಿಂದಿ, ಗುರುಮುಖಿಗಳಲ್ಲಿ ಬರೆಯಿಸಿದ್ದರು. ಆದರೂ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಸಿಪಾಯಿಗಳಿಗೆ ಹೊರಗೆ ಸ್ವೇಚ್ಛೆಯಾಗಿ ತಿರುಗಾಡಲು ಅನುಮತಿ ಇರಲಿಲ್ಲವೆಂಬ ದುಃಖದ ಸಂಗತಿಯನ್ನು ಮರೆಮಾಚಬಾರದು. ಮೃತರಾದ ಹಿಂದೂ ಮತ್ತು ಸಿಖ್ ಯೋಧರನ್ನು ದಹನ ಮಾಡಿದ ಗುಡ್ಡದ ಮೇಲೆ 1921ರಲ್ಲಿ ಬಿಳಿಯ ಛತ್ರಿಯೊಂದನ್ನು ಸ್ಥಾಪಿಸಿದರು. ಅಲ್ಲಿ ಪ್ರತಿ ವರ್ಷವೂ ಸ್ಮರಣೆ ನಡೆಯುತ್ತದೆ.

1960ರ ದಶಕದ ತರುವಾಯ ವಿಮಾನದ ದರಗಳು ಇಳಿದು, ಆಂಗ್ಲರು ಬಿಸಿಲಿಗಾಗಿ ಸ್ಪೇನ್ ದೇಶಕ್ಕೆ ಹೋಗತೊಡಗಿದ್ದರಿಂದ ಅನೇಕ ಕಡಲೂರುಗಳು ಸೊರಗಿದವು. ಬ್ರೈಟನ್ನಿನಲ್ಲಿಯೂ 1866ರಲ್ಲಿ ತೆರೆದ ಪಶ್ಚಿಮ ಕಟ್ಟೆಯನ್ನು 1975ರಲ್ಲಿ ಮುಚ್ಚಬೇಕಾಯಿತು. 2003ರಲ್ಲಿ ಬೆಂಕಿಗೆ ತುತ್ತಾದ ಅದರ ಕಬ್ಬಿಣದ ಅಸ್ಥಿಪಂಜರವು ನೀರಿನಲ್ಲಿ ನಿಂತಿದೆ. ಆದರೆ ಲಂಡನ್ನಿನ ಸಾಮೀಪ್ಯವೂ, 1961ರಲ್ಲಿ ಊರ ಹೊರಗೆ ಆರಂಭವಾದ ಸಸೆಕ್ಸ್ ವಿಶ್ವವಿದ್ಯಾನಿಲಯವೂ ಈ ಊರನ್ನು ಉಳಿಸಲು ನೆರವಾದವು. 1899ರಲ್ಲಿ ತೆರೆದ ಇನ್ನೊಂದು ಕಟ್ಟೆಯ ಮೇಲೆ ಇಂದಿಗೂ ಜನರು ಗುಂಪುಗುಂಪಾಗಿ ನಡೆದಾಡುತ್ತಾರೆ. ಅಲ್ಲಿಯ ದಡದಲ್ಲಿ ಮೆತ್ತನೆಯ ಮರಳೂ ಇಲ್ಲ, ಬರಿಯ ಬೆಣಚುಕಲ್ಲುಗಳು, ನೀರೂ ತಣ್ಣಗಿರುತ್ತದೆ. ಆದರೂ ಜನರು ಬರುತ್ತಾರೆ.

ಅವರು ಏಕೆ ಬರುತ್ತಾರೆ? ಮೊದಲು ಆರೋಗ್ಯಕ್ಕೆಂದು ಬಂದರು; ಆಮೇಲೆ ದೊರೆ ಇದ್ದಾನೆಂದು ಬಂದರು; ರೈಲು ಬಂದ ಮೇಲೆ ಒಂದು ದಿನದ ಬಿಡುವಿಗಾಗಿ ಬಂದರು. ಔಷಧದ ನಂಬಿಕೆಯು ಹೋಯಿತು, ದೊರೆಯೂ ಹೋದನು, ಬಿಡುವಿನ ಆಸೆಯು ಮಾತ್ರ ಉಳಿಯಿತು. ಕೆಲಸದಿಂದ ದಣಿದವರಿಗೆ ಬೆಲೆ ತೆರದೆ ನೋಡಬಹುದಾದ ವಿಶಾಲವಾದ ವಸ್ತುವೊಂದು ಬೇಕು. ಎಷ್ಟು ಜನ ನೋಡಿದರೂ ಸಮುದ್ರವು ಕಡಿಮೆಯಾಗುವುದಿಲ್ಲ. ಪ್ರಶ್ನೆ ಕೇಳಿದ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಒಮ್ಮೆ ನಮ್ಮೆಲ್ಲರನ್ನೂ ಕಡಲಿಗೆ ಕರೆದುಕೊಂಡು ಹೋಗಿರಿ" ಎಂದಳು. ಈ ಸಲ ಯಾರೂ ನಗಲಿಲ್ಲ. ಪೋಷಕರು ಈ ಬೇಡಿಕೆಯನ್ನು ದಯವಿಟ್ಟು ಗಮನಿಸಬೇಕಾಗಿ ಕೋರುತ್ತೇನೆ.