ಮನೆಗೊಂದು ಕಾಲ್ಮಣೆ: ಅಂಗಡಿಗೆ ಹೋಗೋ ಮುಂಚೆ ಕಾಲಿನ ಅಳತೆ ತಗೊಳ್ಳಿ

ಮನೆಗೆ ಬಂದ ನೆಂಟರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕೂರಲು ಮಣೆ. ಇದು ನಮ್ಮ ಸೀಮೆಯ ಹಳೇ ಪದ್ಧತಿ. ಗೌರವ ಕೊಡುವುದಕ್ಕೇ ‘ಮಣೆ ಹಾಕೋದು’ ಎಂಬ ಮಾತು ಹುಟ್ಟಿಕೊಂಡಿದೆ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡದವರಿಗೆ ಅದು ಮಣೆ, ತಮಿಳಿನವರಿಗೆ ಮಣೈ, ತೆಲುಗಿನವರಿಗೆ ಪೀಟ. ಮಾತು ಮೂರು, ವಸ್ತು ಒಂದೇ.

1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದಮೇಲೆ ಹೊಸೂರು ಬೆಳೆಯುತ್ತಾ ಹೋಗಿ, 2019ರಲ್ಲಿ ಮಹಾನಗರ ಪಾಲಿಕೆಯೂ ಆಯಿತು. ಸುತ್ತಲ ಹಳ್ಳಿಗಳ ಮನೆಗಳೂ ಬದಲಾದವು. ಸಗಣಿ ಸಾರಿಸಿದ ನೆಲದ ಜಾಗಕ್ಕೆ ಟೈಲ್ಸ್ ಬಂತು, ಜಗಲಿಯ ಜಾಗಕ್ಕೆ ಸೋಫಾ ಬಂತು. ನೆಲದಲ್ಲಿ ಮಣೆ ಹಾಕಿ ಕೂರುತ್ತಿದ್ದ ಅಜ್ಜಿ ಮಂಡಿನೋವು ಅಂತ ಕುರ್ಚಿ ಹತ್ತಿದರು. ಆದರೆ ಕುರ್ಚಿ ಮಾಡಿದವನು ಅಜ್ಜಿಯ ಕಾಲು ನೋಡಿ ಮಾಡಿಲ್ಲವಲ್ಲ! ಕೂತರೆ ಪಾದ ನೆಲಕ್ಕೆ ಮುಟ್ಟೋದಿಲ್ಲ. ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ರಕ್ತ ಮೇಲಕ್ಕೆ ಹರಿಯೋದು ನಿಧಾನವಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಕೂರುವ ಮಣೆ ಈಗ ಕಾಲಿಡುವ ಮಣೆಯಾಗಿ ಮತ್ತೆ ಬೇಕಾಗಿದೆ.

ಅಳತೆ ಹೇಗೆ?

ಅಂಗಡಿಯಲ್ಲಿ ಚೆಂದ ಕಂಡಿದ್ದನ್ನು ತರೋದಲ್ಲ. ಯಾರಿಗೆ ಬೇಕೋ ಅವರನ್ನು ದಿನಾ ಕೂರುವ ಕುರ್ಚಿಯಲ್ಲೇ, ಬೆನ್ನು ಹಿಂದಕ್ಕೆ ತಾಗುವಂತೆ ಕೂರಿಸಿ. ಮಂಡಿ ನೇರ ಮೂಲೆಗೆ ಮಡಚಿರಲಿ. ಅಂಗಾಲಿಗೂ ನೆಲಕ್ಕೂ ನಡುವೆ ಎಷ್ಟು ಸಂದು ಇದೆಯೋ ಅಷ್ಟೇ ಮಣೆಯ ಎತ್ತರ. ಕುರ್ಚಿ 17 ಅಂಗುಲ, ಅಜ್ಜಿಯ ಅಂಗಾಲಿನಿಂದ ಮಂಡಿಯ ಹಿಂಭಾಗಕ್ಕೆ 14 ಅಂಗುಲ ಅಂತಿದ್ದರೆ 3 ಅಂಗುಲದ ಮಣೆ ಸಾಕು. 8 ಅಂಗುಲದ್ದು ತಂದರೆ ಮಂಡಿ ಎದೆಯತ್ತ ಏರಿ, ಸೊಂಟ ಬಾಗಿ, ಇರೋ ನೋವು ಇನ್ನೂ ಜಾಸ್ತಿ. ಟೇಪು ಇಲ್ಲದಿದ್ದರೆ ಒಂದು ದಾರಕ್ಕೆ ಗಂಟು ಹಾಕಿಕೊಂಡರೂ ಆಯಿತು. ಎರಡು ಪಾದವೂ ಬಿಡಿಯಾಗಿ ಕೂರುವಷ್ಟು ಅಗಲ ಇರಲಿ.

ದಿನವಿಡೀ ಗಲ್ಲಾ ಮುಂದೆ ನಿಲ್ಲುವ ವ್ಯಾಪಾರಿಗಳಿಗೂ ಇದು ಉಪಯೋಗ. 4ರಿಂದ 6 ಅಂಗುಲದ ಮಣೆ ಇಟ್ಟು, ಒಂದು ಕಾಲನ್ನು ಅದರ ಮೇಲಿಟ್ಟು ಆಗಾಗ ಕಾಲು ಬದಲಾಯಿಸುತ್ತಿದ್ದರೆ ಸೊಂಟಕ್ಕೆ ಆರಾಮ.

ಯಾವ ಮರ ಒಳ್ಳೇದು?

ಹಲಸು ಹದವಾದ ಮರ. ಬಾಳಿಕೆ ಬರುತ್ತದೆ, ಹೊಳಪೂ ಚೆನ್ನಾಗಿ ಏರುತ್ತದೆ. ಬೇವಿಗೆ ಗೆದ್ದಲು ಬೇಗ ಹತ್ತಿರ ಬರೋದಿಲ್ಲ, ಆದರೆ ಚೆನ್ನಾಗಿ ಒಣಗಿರಬೇಕು. ಕೃಷ್ಣಗಿರಿ ಮಾವಿನ ಸೀಮೆ, ಹಳೇ ತೋಪು ಕಡಿದಾಗ ಮರ ಸುಲಭವಾಗಿ ಸಿಗುತ್ತದೆ. ಆದರೆ ಮಾವಿಗೆ ಹುಳುವಿನ ಕಾಟ ಹೆಚ್ಚು, ಔಷಧಿ ಕಾಣಿಸಿದ ಮರವೇ ಆಗಬೇಕು. ಸೂಜಿ ಚುಚ್ಚಿದಂಥ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಬೇಡವೇ ಬೇಡ.

ಇನ್ನೊಂದು ಮಾತು. ಹೊಸೂರು ಸುಮಾರು 900 ಮೀಟರ್ ಎತ್ತರದ ತಂಪು ಊರು, ಕೃಷ್ಣಗಿರಿ ಕೆಳಗಿನ ಬಿಸಿಲು ಊರು. ಹಸಿ ಮರದಲ್ಲಿ ಇಲ್ಲಿ ಮಾಡಿಸಿದ ಮಣೆಯನ್ನು ಅಲ್ಲಿಗೆ ಒಯ್ದರೆ ಮರ ಕುಗ್ಗಿ ಸೀಳುಬಿಡುತ್ತದೆ. ಒಂದೇ ಅಳತೆಯ ಎರಡು ಮಣೆ ಎತ್ತಿ ನೋಡಿ. ಒಂದೇ ಜಾತಿ ಮರವಾಗಿದ್ದೂ ಒಂದು ತೀರಾ ಭಾರ ಇದ್ದರೆ ಅದಿನ್ನೂ ಹಸಿ ಇರಬಹುದು.

ಮಣೆಯನ್ನು ಬೋರಲು ಹಾಕಿ ಕೆಳಗಡೆಯೂ ನೋಡಬೇಕು. ಬರೀ ಮೊಳೆ ಹೊಡೆದ ಅಡ್ಡಪಟ್ಟಿ ಕೆಲವೇ ತಿಂಗಳಲ್ಲಿ ಸಡಿಲವಾಗಿ ಮೊಳೆ ತಲೆ ಎತ್ತಬಹುದು. ಕೂಡಿಕೆ ಮಾಡಿ ಕೂರಿಸಿದ್ದು ಅಥವಾ ಸ್ಕ್ರೂ ಹಾಕಿದ್ದು ಮೇಲು. ಮುಕ್ಕಾಲಿ ಹಳ್ಳತಿಟ್ಟಿನ ನೆಲದಲ್ಲೂ ಅಲ್ಲಾಡೋದಿಲ್ಲ, ಹಾಲು ಕರೆಯೋ ಕೊಟ್ಟಿಗೆಗೆ ಸರಿ. ಆದರೆ ಅಂಚಿನ ಮೇಲೆ ಭಾರ ಬಿದ್ದರೆ ಮಗುಚುತ್ತದೆ. ಮನೆಯೊಳಗೆ ನಾಲ್ಕು ಕಾಲಿನದೇ ಇರಲಿ, ಕಾಲುಗಳು ಹಲಗೆಗಿಂತ ಸ್ವಲ್ಪ ಹೊರಕ್ಕೆ ಚಾಚಿರಲಿ. ಟೈಲ್ಸ್ ಮೇಲೆ ಜಾರದಂತೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಪ್ಲಾಸ್ಟಿಕ್ ಮಣೆ ಹಗುರ, ತೊಳೆಯೋದೂ ಸುಲಭ. ಆದರೆ ಒದ್ದೆ ನೆಲದಲ್ಲಿ ಜಾರುತ್ತದೆ, ಬಿಸಿಲಿಗಿಟ್ಟರೆ ಪೆಡಸಾಗಿ ಒಡೆಯುತ್ತದೆ.

ಇವರಿಗೆ ಎಚ್ಚರ ಬೇಕು

ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಮಣೆಯ ಸಿಬಿರು ಚುಚ್ಚಿದರೂ, ಮೊಳೆ ಗೀರಿದರೂ ಗೊತ್ತಾಗೋದಿಲ್ಲ. ಸಣ್ಣ ಗಾಯ ಹುಣ್ಣಾಗಿ ಬೆರಳು ಕಳೆದುಕೊಳ್ಳೋ ತನಕ ಹೋಗಬಹುದು. ಅಂಚು ಗುಂಡಗಿರಲಿ, ಮೇಲೆ ದಪ್ಪ ಬಟ್ಟೆ ಹಾಸಿ, ರಾತ್ರಿ ಪಾದ ನೋಡಿಕೊಳ್ಳಿ.

ಕಾಲು ಊದಿಕೊಂಡಿದ್ದರೆ ಗಿಡ್ಡ ಮಣೆಯಿಂದ ಊತ ಇಳಿಯೋದಿಲ್ಲ. ಮಲಗಿ ದಿಂಬಿನ ಮೇಲೆ ಕಾಲು ಎತ್ತಿಡಬೇಕು. ಎರಡೂ ಕಾಲು ದಿನಾ ಊದುತ್ತಿದ್ದರೆ ಹೃದಯ, ಮೂತ್ರಪಿಂಡದ ತೊಂದರೆಯೂ ಇರಬಹುದು, ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಆಗಿರಬಹುದು, ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ಕಾಲ್ಮಣೆ ಹತ್ತಿ ಅಟ್ಟದ ಡಬ್ಬ ತೆಗೆಯೋ ಅಭ್ಯಾಸ ಬಿಡಬೇಕು. ನಡೆಯುವ ದಾರಿಯಲ್ಲಿ ಅದನ್ನು ಬಿಟ್ಟರೆ ಕತ್ತಲಲ್ಲಿ ಎಡವುವವರು ಮನೆಯ ಹಿರಿಯರೇ. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡೋದು ಕಷ್ಟ. ಆದ್ದರಿಂದ ಕೆಲಸ ಆದಮೇಲೆ ಮಣೆ ಗೋಡೆ ಪಕ್ಕಕ್ಕೆ.

ಸಂತೆಗೆ ಹೋದರೂ ಸರಿ, ಊರ ಆಚಾರಿಯ ಹತ್ತಿರ ಮಾಡಿಸಿದರೂ ಸರಿ, ಗಂಟು ಹಾಕಿದ ಆ ದಾರ ಜೇಬಿನಲ್ಲಿರಲಿ. ಮರದ ರೇಟು ಕೇಳೋದು ಆಮೇಲೆ.