ಫ್ರೀಜರ್‌ಗೆ ಚಾಕು ಬೇಡ, ಬಿಸಿನೀರು ಸಾಕು

ಬಂಗುಡೆ ಮೀನಿನ ಪೊಟ್ಟಣ ಫ್ರೀಜರ್‌ನ ತಳಕ್ಕೆ ಕಚ್ಚಿಕೊಂಡಿದೆ. ಎಳೆದರೂ ಬರುತ್ತಿಲ್ಲ. ಒಲೆಯ ಮೇಲೆ ಮಸಾಲೆ ಕುದಿಯುತ್ತಿದೆ, ನೆಂಟರು ಬಂದು ಕೂತಿದ್ದಾರೆ. ಕೈಗೆ ಸಿಕ್ಕ ಚಾಕುವನ್ನು ಪೊಟ್ಟಣದ ಅಡಿಗೆ ತೂರಿಸಿ ಮೀಟಿದ್ದೇ ತಡ, ‘ಸುಯ್’ ಎಂಬ ಸದ್ದು. ಮೀನೇನೋ ಕೈಗೆ ಬಂತು. ಮಾರನೆಯ ದಿನ ಹಾಲು ಒಡೆಯಿತು, ತರಕಾರಿ ಬಾಡಿತು. ಮೋಟಾರ್ ಓಡುತ್ತಲೇ ಇದೆ, ತಂಪು ಮಾತ್ರ ಇಲ್ಲ.

ಇಂಥ ಮನೆಗೆ ಬಂದ ಮೆಕ್ಯಾನಿಕ್ ಹೇಳುವ ಮಾತು ಒಂದೇ: ‘ಫ್ರೀಜರ್ ಪಂಕ್ಚರ್ ಆಗಿದೆ, ಗ್ಯಾಸ್ ಹೋಗಿದೆ.’ ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್‌ನಲ್ಲಿ ತಂಪು ಹುಟ್ಟುವುದೇ ಫ್ರೀಜರ್ ಪೆಟ್ಟಿಗೆಯ ಗೋಡೆಗಳಲ್ಲಿ. ಎರಡು ತೆಳ್ಳನೆಯ ಅಲ್ಯೂಮಿನಿಯಂ ತಗಡುಗಳನ್ನು ಒಂದಕ್ಕೊಂದು ಬೆಸೆದು, ನಡುವೆ ಗ್ಯಾಸ್ ಹರಿಯಲು ಸಣ್ಣ ಸಣ್ಣ ಕಾಲುವೆಗಳನ್ನು ಬಿಟ್ಟಿರುತ್ತಾರೆ. ಐಸ್ ಇಲ್ಲದ ಫ್ರೀಜರ್‌ನಲ್ಲಿ ಬೆರಳಾಡಿಸಿದರೆ ಉಬ್ಬಿದ ಗೆರೆಗಳಾಗಿ ಕೈಗೆ ಸಿಗುವುದು ಇವೇ. ಚಾಕುವಿನ ಮೊನೆಗೆ, ಸ್ಕ್ರೂಡ್ರೈವರ್‌ನ ತುದಿಗೆ ಆ ತಗಡು ಯಾವ ಲೆಕ್ಕಕ್ಕೂ ಅಲ್ಲ. ತೂತು ಮುಚ್ಚಿಸಿ ಹೊಸದಾಗಿ ಗ್ಯಾಸ್ ತುಂಬಿಸಬೇಕು. ಕೆಲವೊಮ್ಮೆ ಇಡೀ ಫ್ರೀಜರ್ ಪೆಟ್ಟಿಗೆಯನ್ನೇ ಬದಲಿಸಬೇಕು. ಒಂದು ಪಾತ್ರೆ ಬಿಸಿನೀರಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ತೆರುವ ದಂಡ ಇದು.

ಐಸ್ ಕಟ್ಟುವುದು ಯಾಕೆ?

ಫ್ರೀಜರ್ ತುಂಬ ಬಿಳಿ ಐಸ್ ಕಟ್ಟಿಕೊಂಡಿದ್ದರೆ ‘ಫ್ರಿಜ್ ಚೆನ್ನಾಗಿ ಕೂಲಿಂಗ್ ಆಗ್ತಿದೆ’ ಎಂದು ಸಂತೋಷಪಡುವವರಿದ್ದಾರೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿಯೊಂದಿಗೆ ತೇವವೂ ಒಳಗೆ ಹೋಗುತ್ತದೆ. ಬಿಸಿಬಿಸಿ ಸಾರು, ಮುಚ್ಚಳವಿಲ್ಲದ ಪಾತ್ರೆ, ತೊಳೆದು ನೀರು ಸೋರಿಸದ ಸೊಪ್ಪು, ಇವೆಲ್ಲ ಇನ್ನಷ್ಟು ತೇವ ಸೇರಿಸುತ್ತವೆ. ಆ ತೇವವೆಲ್ಲ ಒಳಗಿನ ಅತಿ ತಣ್ಣನೆಯ ಜಾಗವಾದ ಫ್ರೀಜರ್ ತಗಡಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಐಸ್ ಬೇಗ ಬೆಳೆಯುವುದು ಇದೇ ಕಾರಣಕ್ಕೆ.

ಹೀಗೆ ಕಟ್ಟಿದ ಐಸ್ ತಗಡಿಗೆ ಹೊದಿಸಿದ ಕಂಬಳಿ ಇದ್ದ ಹಾಗೆ. ತಗಡಿನ ತಂಪು ಪದಾರ್ಥಕ್ಕೆ ತಲುಪದಂತೆ ಅದು ತಡೆಯುತ್ತದೆ. ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ, ಜಾಗವೂ ಕಿರಿದಾಗುತ್ತದೆ. ಐಸ್ ಅರ್ಧ ಸೆಂಟಿಮೀಟರ್‌ನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಪೆನ್ಸಿಲ್‌ನ ದಪ್ಪಕ್ಕೆ ಬಂತೆಂದರೆ ಡಿಫ್ರಾಸ್ಟ್ ಮಾಡುವ ಹೊತ್ತಾಯಿತು ಎಂದರ್ಥ.

ಎರಡು ಬಾಗಿಲಿನ ‘ಫ್ರಾಸ್ಟ್ ಫ್ರೀ’ ಫ್ರಿಜ್‌ನವರಿಗೆ ಈ ತಾಪತ್ರಯವಿಲ್ಲ. ಅದರೊಳಗಿನ ಸಣ್ಣ ಹೀಟರ್ ಆಗಾಗ ತಾನೇ ಹೊತ್ತಿಕೊಂಡು ಐಸನ್ನು ಕರಗಿಸುತ್ತದೆ. ಆ ಬಗೆಯ ಫ್ರೀಜರ್‌ನಲ್ಲೂ ಐಸ್ ದಪ್ಪಗೆ ಕಟ್ಟುತ್ತಿದ್ದರೆ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ನೀರು ಹೋಗುವ ದಾರಿ ಕಟ್ಟಿಕೊಂಡಿದೆ, ಇಲ್ಲವೇ ಹೀಟರ್ ಕೆಟ್ಟಿದೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸುವುದೇ ಸರಿ.

ತಗಡಿನೊಳಗಿನ ಗ್ಯಾಸ್

ಫ್ರಿಜ್‌ನ ಗ್ಯಾಸಿಗೂ ಒಂದು ಇತಿಹಾಸವಿದೆ. 1920ರ ದಶಕದಲ್ಲಿ ಫ್ರಿಜ್‌ಗಳಿಗೆ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಾನಿಲಗಳನ್ನು ತುಂಬುತ್ತಿದ್ದರು. ಫ್ರಿಜ್ ಸೋರಿ ಬರ್ಲಿನ್‌ನ ಒಂದು ಕುಟುಂಬವೇ ಸತ್ತ ಸುದ್ದಿ ಓದಿ ಕಳವಳಗೊಂಡ ಆಲ್ಬರ್ಟ್ ಐನ್‌ಸ್ಟೈನ್, ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಜೊತೆಗೂಡಿ ಸೋರಿಕೆಗೆ ಅವಕಾಶವಿಲ್ಲದ ಫ್ರಿಜ್ ಒಂದನ್ನು ರೂಪಿಸಿದರು. 1930ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆ ಹೊತ್ತಿಗಾಗಲೇ ವಿಷವಲ್ಲದ, ಬೆಂಕಿಯೂ ಹತ್ತದ ಸಿಎಫ್‌ಸಿ ಅನಿಲಗಳು ಬಂದಿದ್ದವು. ಅವು ಓಜೋನ್ ಪದರವನ್ನು ತಿನ್ನುತ್ತವೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವಕ್ಕೂ ವಿದಾಯ ಹೇಳಬೇಕಾಯಿತು.

ಇಂದಿನ ಬಹುಪಾಲು ಹೊಸ ಫ್ರಿಜ್‌ಗಳಲ್ಲಿರುವುದು ಐಸೊಬ್ಯೂಟೇನ್. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ‘ಆರ್-600ಎ’ ಎಂದು ಬರೆದು, ಪಕ್ಕದಲ್ಲಿ ಬೆಂಕಿಯ ಚಿಹ್ನೆ ಹಾಕಿರುತ್ತಾರೆ. ಇದು ಓಜೋನ್‌ಗೆ ಕೇಡು ಮಾಡುವುದಿಲ್ಲ, ಆದರೆ ಅಡುಗೆ ಗ್ಯಾಸಿನ ಹಾಗೆಯೇ ಹೊತ್ತಿಕೊಳ್ಳುತ್ತದೆ. ಒಂದು ಫ್ರಿಜ್‌ನಲ್ಲಿ ಇರುವುದು ಹತ್ತಾರು ಗ್ರಾಂ ಮಾತ್ರ. ಹಾಗಿದ್ದರೂ ತಗಡು ತೂತಾಗಿ ‘ಸುಯ್’ ಎಂದು ಕೇಳಿದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಗಾಳಿ ಆಡಲು ಬಿಡಬೇಕು. ಅಲ್ಲಿನ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಐಸ್ ಕರಗಿಸಲು ಮೇಣದಬತ್ತಿ ಹಚ್ಚಿಡುವುದು ಎಂಥ ಅಪಾಯ ಎಂಬುದೂ ಇದರಿಂದ ತಿಳಿಯುತ್ತದೆ.

ಡಿಫ್ರಾಸ್ಟ್ ಮಾಡುವ ಸರಿಯಾದ ಕ್ರಮ

ಫ್ರೀಜರ್ ಹೆಚ್ಚುಕಡಿಮೆ ಖಾಲಿಯಿರುವ ದಿನವನ್ನೇ ಇದಕ್ಕೆ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದಿರುವ ಮೀನು, ಬಟಾಣಿ, ತೆಂಗಿನ ತುರಿಯನ್ನು ಹಳೇ ಪೇಪರ್‌ನಲ್ಲಿ ದಪ್ಪಗೆ ಸುತ್ತಿ ಹಾಟ್‌ಬಾಕ್ಸ್‌ನಲ್ಲಿ ಒತ್ತೊತ್ತಾಗಿ ಇಟ್ಟು ಮುಚ್ಚಬೇಕು. ಚಪಾತಿಯ ಬಿಸಿ ಹೊರಗೆ ಹೋಗದಂತೆ ಕಾಯುವ ಡಬ್ಬಿ, ಹೊರಗಿನ ಬಿಸಿ ಒಳಗೆ ಬಾರದಂತೆಯೂ ಕಾಯುತ್ತದೆ.

ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ತಂಪು ಹೆಚ್ಚುಕಡಿಮೆ ಮಾಡುವ ಗುಂಡಿಯ ನಡುವೆ ಡಿಫ್ರಾಸ್ಟ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಐಸ್ ಕರಗಿದ ಮೇಲೆ ತಾನೇ ಮತ್ತೆ ಶುರುವಾಗುತ್ತದೆ. ತೆಳುವಾದ ಐಸಿಗೆ ಇಷ್ಟು ಸಾಕು. ದಪ್ಪ ಐಸ್ ಇದ್ದರೆ, ಅಥವಾ ಜೊತೆಗೇ ಒರೆಸಿ ತೊಳೆಯುವ ಯೋಚನೆ ಇದ್ದರೆ, ಗೋಡೆಯ ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತಿಡಬೇಕು. ನೀರಿನ ಕೆಲಸಕ್ಕೂ ಕರೆಂಟಿಗೂ ನಂಟು ಇರಕೂಡದು.

ಫ್ರೀಜರ್‌ನೊಳಗೆ ದಪ್ಪ ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಬಿಸಿನೀರು ತುಂಬಿದ ಅಗಲ ಬಾಯಿಯ ಪಾತ್ರೆ ಇಟ್ಟು ಫ್ರೀಜರ್ ಬಾಗಿಲು ಮುಚ್ಚಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಬೇಕು. ಇದರ ಹಿಂದೆ ಸರಳ ಲೆಕ್ಕವಿದೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಐಸ್ ಬರೀ ನೀರಾಗಲು ಬೇಕಾಗುವ ಶಾಖ, 80 ಡಿಗ್ರಿ ಬಿಸಿಯಿರುವ ಒಂದು ಲೀಟರ್ ನೀರು ಪೂರ್ತಿ ತಣ್ಣಗಾಗುವಾಗ ಬಿಡುವ ಶಾಖಕ್ಕೆ ಸಮ. ಫ್ರೀಜರ್‌ನಲ್ಲಿ ಎರಡು ಕಿಲೋ ಐಸ್ ಇದ್ದರೆ ಎಷ್ಟು ಪಾತ್ರೆ ನೀರು, ಎಷ್ಟು ಹೊತ್ತು ಬೇಕಾದೀತೆಂದು ಇದರಿಂದಲೇ ಅಂದಾಜು ಸಿಗುತ್ತದೆ. ಒಂದೆರಡು ಗಂಟೆ ಹಿಡಿಯುವುದು ಸಹಜ.

ಮೊದಲು ಐಸಿನ ಅಂಚು ಮಿನುಗತೊಡಗುತ್ತದೆ. ಆಮೇಲೆ ತಗಡಿಗೂ ಐಸಿಗೂ ನಡುವೆ ನೀರಿನ ತೆಳು ಪದರ ಹುಟ್ಟುತ್ತದೆ. ಒಂದು ಹಂತದಲ್ಲಿ ‘ಟಪ್’ ಎಂದು ಅಂಗೈ ಅಗಲದ ಚಕ್ಕೆ ತಾನಾಗಿ ಕಳಚಿ ಬೀಳುತ್ತದೆ. ಹಾಗೆ ಸಡಿಲವಾದದ್ದನ್ನು ಕೈಯಿಂದಲೋ ಮರದ ಸೌಟಿನಿಂದಲೋ ತೆಗೆಯಬಹುದು. ಇನ್ನೂ ಅಂಟಿಕೊಂಡಿದ್ದರೆ ಕಾಯಬೇಕು, ಕುಟ್ಟಬಾರದು, ಕೆರೆಯಬಾರದು. ಹೇರ್ ಡ್ರೈಯರ್ ಬಳಸುವ ಉಪಾಯವೂ ಬೇಡ. ಅದು ಒದ್ದೆ ನೆಲದ ಮೇಲೆ ನಿಂತು ಕರೆಂಟಿನ ಸಾಧನ ಹಿಡಿಯುವ ಕೆಲಸ.

ಕಣ್ಣಿಗೆ ಬೀಳದ ಕೊಳೆ

ಐಸ್ ಹೋದ ಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೆರಡು ದೊಡ್ಡ ಚಮಚ ಅಡುಗೆ ಸೋಡ ಬೆರೆಸಿ, ಮೆತ್ತನೆಯ ಬಟ್ಟೆ ಅದ್ದಿ ಒಳಗೆಲ್ಲ ಒರೆಸಬಹುದು. ವಾಸನೆ ಹೋಗುತ್ತದೆ, ಪ್ಲಾಸ್ಟಿಕ್ ಗೀರಾಗುವುದಿಲ್ಲ. ಗಾಜಿನ ತಟ್ಟೆಗಳನ್ನು ಹೊರತೆಗೆದ ಕೂಡಲೇ ಬಿಸಿನೀರಿಗೆ ಹಿಡಿದರೆ ಬಿರಿಯಬಹುದು. ಅವು ಮನೆಯ ಹವೆಗೆ ಬರುವವರೆಗೆ ಬಿಟ್ಟು ತೊಳೆಯಬೇಕು. ಬ್ಲೀಚ್, ಆ್ಯಸಿಡ್ ಫ್ರಿಜ್‌ನ ಹತ್ತಿರಕ್ಕೂ ಬೇಡ.

ಬಾಗಿಲಿನ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್‌ನ ಮಡಿಕೆಯೊಳಗೆ ಕಪ್ಪು ಬೂಸಲು ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತೆಗೆಯಬಹುದು. ಗ್ಯಾಸ್ಕೆಟ್ ಬಿಗಿಯಾಗಿದೆಯೇ ಎಂದು ನೋಡಲು ಒಂದು ನೋಟನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ನೋಟು ಹಿಡಿತವೇ ಇಲ್ಲದೆ ಜಾರಿ ಬಂದರೆ ಆ ಜಾಗದಲ್ಲಿ ತಂಪು ಸೋರುತ್ತಿದೆ, ಒಳಗೆ ಐಸ್ ಬೆಳೆಯುತ್ತಿದೆ.

ಎಲ್ಲರೂ ಮರೆಯುವ ಜಾಗ ಇನ್ನೊಂದಿದೆ. ಅನೇಕ ಫ್ರಿಜ್‌ಗಳ ಹಿಂಬದಿಯಲ್ಲಿ, ಕಂಪ್ರೆಸರ್‌ನ ಮೇಲೆ, ಕರಗಿದ ನೀರು ಬಂದು ಸೇರುವ ಪ್ಲಾಸ್ಟಿಕ್ ಟ್ರೇ ಇರುತ್ತದೆ. ಬೆಚ್ಚಗಿನ, ಕತ್ತಲೆಯ, ಅಲುಗಾಡದ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಡೆಂಗಿ ತೀವ್ರವಾಗಿ ಹಬ್ಬಿದ 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತ್ತು. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರು ಡ್ರಮ್ಮು, ತೊಟ್ಟಿ, ಹೂಕುಂಡದ ಜೊತೆಗೆ ಫ್ರಿಜ್‌ನ ಹಿಂದೆಯೂ ಟಾರ್ಚ್ ಹಾಕಿ ನೋಡಬೇಕಾಗುವುದು ಈ ಟ್ರೇಗಾಗಿಯೇ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಪ್ಲಗ್ ತೆಗೆದು ಟ್ರೇಯ ನೀರು ಚೆಲ್ಲಬೇಕು, ಅಂಚನ್ನು ಉಜ್ಜಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಏಕೆಂದರೆ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಇಡುವುದರಲ್ಲೂ ಕ್ರಮವಿದೆ

ಫ್ರಿಜ್ ಒಳಗೆ 4ರಿಂದ 5 ಡಿಗ್ರಿ ಸೆಲ್ಸಿಯಸ್, ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಇದ್ದರೆ ಆಹಾರ ಸುರಕ್ಷಿತ. ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂಬ ನಂಬಿಕೆ ತಪ್ಪು. ಬಹುಪಾಲು ಬ್ಯಾಕ್ಟೀರಿಯಾಗಳು ಅಲ್ಲಿ ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತವೆ. ಕರಗಿದ ಕೂಡಲೇ ಮತ್ತೆ ಏಳುತ್ತವೆ. ಅದಕ್ಕಾಗಿಯೇ ಫ್ರೀಜರ್‌ನ ಮೀನು, ಮಾಂಸವನ್ನು ಅಡುಗೆಕಟ್ಟೆಯ ಮೇಲೆ ಬಿಡದೆ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳ ತಟ್ಟೆಗೆ ಇಳಿಸಿ ಕರಗಿಸಬೇಕು. ಹಸಿ ಮಾಂಸದ ನೀರು ಬೇರೆ ಪದಾರ್ಥಕ್ಕೆ ತೊಟ್ಟಿಕ್ಕದಂತೆ ಡಬ್ಬಿಯಲ್ಲೇ ಇಡಬೇಕು.

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮೈಸೂರು ಕಡೆಯ ಮನೆಗಳು ಹಿತಕಿದ ಅವರೆಕಾಳನ್ನು ಫ್ರೀಜರ್‌ಗೆ ತುಂಬುತ್ತವೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅಲ್ಲಿನ ಮನೆಗಳು ಅದಕ್ಕೂ ಮೊದಲೇ ಮೀನು ಸೇರಿಸುತ್ತವೆ. ದೊಡ್ಡ ಗಂಟಾಗಿ ಇಡದೆ ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನೇ ಸಣ್ಣ ಪೊಟ್ಟಣ ಮಾಡಿ, ಚಪ್ಪಟೆಯಾಗಿಸಿ, ಮೇಲೆ ತಾರೀಕು ಬರೆದಿಟ್ಟರೆ ಬೇಗ ಹೆಪ್ಪುಗಟ್ಟುತ್ತದೆ. ಕಿತ್ತು ತೆಗೆಯಲು ಚಾಕು ಹುಡುಕುವ ಪ್ರಮೇಯವೂ ಬರುವುದಿಲ್ಲ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನನ್ನು ಮೈನಸ್ 18 ಡಿಗ್ರಿಯಲ್ಲೂ ಎರಡು ಮೂರು ತಿಂಗಳೊಳಗೆ ಬಳಸಿದರೆ ರುಚಿ ಉಳಿದಿರುತ್ತದೆ. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರದ ಕಾರಣ ಇನ್ನೂ ಬೇಗ ಬಳಸಬೇಕು. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುವುದರಿಂದ ಗಾಜಿನ ಬಾಟಲಿ ತುಂಬಿ ಫ್ರೀಜರ್‌ನಲ್ಲಿಟ್ಟರೆ ಒಡೆಯುವುದು ಖಂಡಿತ.

ಲೋಡ್ ಶೆಡ್ಡಿಂಗ್ ಆದಾಗ ಮಾಡಬೇಕಾದ ಕೆಲಸ ಒಂದೇ, ಬಾಗಿಲು ತೆರೆಯದಿರುವುದು. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಡೀಪ್ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ.

ಕರೆಂಟು ಮತ್ತು ಹಳೇ ಫ್ರಿಜ್

2017ರ ಜೂನ್ 14ರ ನಡುರಾತ್ರಿ ಲಂಡನ್‌ನ ಗ್ರೆನ್‌ಫೆಲ್ ಟವರ್‌ನಲ್ಲಿ, ನಾಲ್ಕನೇ ಮಹಡಿಯ ಮನೆಯೊಂದರ ಫ್ರಿಜ್-ಫ್ರೀಜರ್‌ನಲ್ಲಿ ಹುಟ್ಟಿದ ಬೆಂಕಿ ಕಟ್ಟಡದ ಹೊರ ಹೊದಿಕೆಗೆ ಹತ್ತಿ ಇಡೀ ಕಟ್ಟಡವನ್ನು ಆವರಿಸಿತು. 72 ಮಂದಿ ಸತ್ತರು. ಹಗಲೂ ರಾತ್ರಿ ಕರೆಂಟಿನಲ್ಲಿರುವ ಮನೆಯ ಸಾಧನ ಫ್ರಿಜ್ ಎಂಬುದನ್ನು ಮರೆಯಬಾರದು. ಅದಕ್ಕೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸ್ವಂತ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಮಿಕ್ಸಿ, ಇಂಡಕ್ಷನ್ ಒಲೆಯ ಜೊತೆ ಅದನ್ನು ಸೇರಿಸಬಾರದು. ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ ಆ ದಿನವೇ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಹಿಂದೆ ಗೋಡೆಗೂ ಫ್ರಿಜ್‌ಗೂ ನಡುವೆ ಗಾಳಿ ಆಡಲು ಒಂದು ಅಂಗೈ ಅಗಲದ ಜಾಗ ಬಿಡಬೇಕು. ಆರಿಸಿದ ಫ್ರಿಜ್ಜನ್ನು ಐದು ನಿಮಿಷವಾದರೂ ಬಿಟ್ಟು ಮತ್ತೆ ಹಾಕಿದರೆ ಕಂಪ್ರೆಸರ್‌ಗೆ ಹೊರೆಯಾಗದು.

ಕೊನೆಗೊಂದು ಮನವಿ, ಹಳೇ ಫ್ರಿಜ್ಜನ್ನು ಅಂಗಳದಲ್ಲೋ ತಾರಸಿಯಲ್ಲೋ ಇಟ್ಟಿರುವವರಿಗೆ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಬಿಟ್ಟ ಫ್ರಿಜ್‌ಗಳೊಳಗೆ ಅಡಗಿ, ಹೊರಬರಲಾಗದೆ ಉಸಿರುಕಟ್ಟಿ ಸತ್ತ ಘಟನೆಗಳಿಂದಾಗಿಯೇ ಅಮೆರಿಕ 1956ರಲ್ಲಿ, ಒಳಗಿನಿಂದಲೂ ತೆರೆಯುವ ಬಾಗಿಲು ಇರಲೇಬೇಕೆಂದು ಕಾನೂನು ತಂದಿತು. ಚಿಲಕದ ಬದಲು ಅಯಸ್ಕಾಂತದ ಬಾಗಿಲು ರೂಢಿಯಾದದ್ದು ಆಮೇಲೆ. ಹಾಗಿದ್ದರೂ ಪುಟ್ಟ ಮಗು ಒಳಗಿನಿಂದ ತಳ್ಳಿ ಹೊರಬಂದೇ ಬರುತ್ತದೆಂಬ ಭರವಸೆಯಿಲ್ಲ. ಫ್ರಿಜ್ ಹೊರಗಿಡುವ ದಿನವೇ ಅದರ ಬಾಗಿಲು ಬಿಚ್ಚಿಸಿ. ಬಳಿಕ ಅದನ್ನು ಗುಜರಿಗೆ ಹಾಕದೆ, ಒಳಗಿನ ಗ್ಯಾಸನ್ನು ಸರಿಯಾಗಿ ತೆಗೆಯುವ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ.